ಕಿಣ್ವ ಮತ್ತು ಪ್ರೋಟೀನು ಸಂಶೋಧನೆಯಲ್ಲಿ ಅವಕಾಶ: ಎರಡು ಜೀವನಗಳ ನಿದರ್ಶನ

ಜೀವರಸಾಯನಶಾಸ್ತ್ರದಲ್ಲಿ ಪದವಿ ಪಡೆದ ವಿದ್ಯಾರ್ಥಿಗಳು ಸಂಶೋಧನೆಯ ಅವಕಾಶಗಳನ್ನು ಕುರಿತು ವಿಚಾರಿಸುವಾಗ, ಹುದ್ದೆಗಳೆಷ್ಟು, ವೇತನವೆಷ್ಟು ಎಂದೇ ಮೊದಲು ಕೇಳುವುದು ವಾಡಿಕೆ. ಈ ಪ್ರಶ್ನೆಯನ್ನು ನಾವು ಅಲ್ಪವೆಂದು ತಿಳಿಯುವುದಿಲ್ಲ. ಆದರೆ ಕಿಣ್ವಗಳ ಮತ್ತು ಪ್ರೋಟೀನುಗಳ ಅಧ್ಯಯನವು ನಮ್ಮ ದೇಶದಲ್ಲಿ ಬೇರೂರಿದ ಬಗೆಯನ್ನು ಪರಿಶೀಲಿಸಿದರೆ, ಹುದ್ದೆ ದೊರೆಯುವುದು ಬೇರೆ, ಹಿಡಿದ ಸಂಶೋಧನೆಯನ್ನು ಮುಂದುವರಿಸಲು ನೆಲೆ ದೊರೆಯುವುದು ಬೇರೆ ಎಂಬುದು ಗೋಚರವಾಗುತ್ತದೆ. ಬೆಂಗಳೂರಿನ ಒಂದೇ ಸಂಸ್ಥೆಯ ಬಾಗಿಲಿಗೆ ಬಂದ ಇಬ್ಬರ ಚರಿತ್ರೆ ಇದಕ್ಕೆ ನಿದರ್ಶನ.

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅವರ ತಂದೆಯೂ ತಂದೆಯ ಸೋದರರೂ ಅಲ್ಲಿಯೇ ವ್ಯಾಸಂಗ ಮಾಡಿದ್ದ ರಸಾಯನಶಾಸ್ತ್ರಜ್ಞರು. ಆಗ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು, ಅರ್ಜಿದಾರರು ಹೆಣ್ಣೆಂಬ ಕಾರಣದಿಂದ ಪ್ರವೇಶ ನಿರಾಕರಿಸಿದರು. ಕಮಲಾ ಸುಮ್ಮನೆ ಹಿಂದಿರುಗಲಿಲ್ಲ, ಸತ್ಯಾಗ್ರಹ ಹೂಡಿದರು. ಕಡೆಗೆ ಪ್ರವೇಶ ದೊರೆಯಿತಾದರೂ ಅದಕ್ಕೆ ಷರತ್ತುಗಳಿದ್ದವು. ಮೊದಲ ವರ್ಷ ಅವರದು ಪರೀಕ್ಷಾರ್ಥವಾದ ಸ್ಥಾನ. ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ, ದುಡಿಯತಕ್ಕದ್ದು. ಪ್ರಯೋಗಾಲಯದ ವಾತಾವರಣವನ್ನು ಕೆಡಿಸತಕ್ಕದ್ದಲ್ಲ. ಈ ಕಡೆಯ ಷರತ್ತು ಯಾವ ಪುರುಷ ವಿದ್ಯಾರ್ಥಿಗೂ ವಿಧಿಸಿದ್ದಲ್ಲವೆಂದು ಹೇಳಬೇಕಾದ ಅಗತ್ಯವಿಲ್ಲ. ಶ್ರೀ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ 1936ರಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಆಮೇಲೆ ಸಂಸ್ಥೆ ಇತರ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆಯಿತು. ಆದರೂ ಆ ಅವಮಾನವನ್ನು ತಾವು ಮರೆಯಲಾರದೆ ಹೋದುದನ್ನು ಕಮಲಾ ಅವರು ವೃದ್ಧಾಪ್ಯದಲ್ಲಿ ಬಹಿರಂಗವಾಗಿಯೇ ಹೇಳಿದರು.

ಅನಂತರ ಅವರು ಕೇಂಬ್ರಿಜ್‌ಗೆ ತೆರಳಿ, ಸಸ್ಯಗಳ ಉಸಿರಾಟದ ಕಿಣ್ವಗಳನ್ನು ಅಭ್ಯಸಿಸುತ್ತ, ಎಲೆಕ್ಟ್ರಾನುಗಳನ್ನು ಸಾಗಿಸುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಕೋಶಗಳ ಉತ್ಕರ್ಷಣಕ್ರಿಯೆಯಲ್ಲಿಯೂ ಪಾತ್ರ ವಹಿಸುತ್ತದೆಂದು ತೋರಿಸಿದರು. 1939ರಲ್ಲಿ ಡಾಕ್ಟರೇಟ್ ಬಂದಿತು. ಸ್ವದೇಶಕ್ಕೆ ಮರಳಿದಾಗ ಹುದ್ದೆಗಳೇನೋ ದೊರೆತವು: ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಕೂನೂರಿನ ಪೋಷಣ ಪ್ರಯೋಗಾಲಯ, ಮದುವೆಯಾಗಿ ಕಮಲಾ ಸೊಹೋನಿಯಾದ ಬಳಿಕ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಅಲ್ಲಿ ದ್ವಿದಳ ಧಾನ್ಯಗಳಲ್ಲಿರುವ, ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತುಗಳನ್ನೂ ನೀರಾದ ಪೋಷಕಗುಣವನ್ನೂ ಕುರಿತು ಅವರು ಮಾಡಿದ ಕಾರ್ಯ ಬಡವರ ಆಹಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಅದನ್ನು ಕೀಳೆಣಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕೇಂಬ್ರಿಜ್ಜಿನಲ್ಲಿ ತೊಡಗಿದ ಸರಣಿ ಅವರ ಜೀವನಕಾರ್ಯವಾಗಲಿಲ್ಲ.

ಇನ್ನೊಂದು ಚರಿತ್ರೆ ಜಿ. ಎನ್. ರಾಮಚಂದ್ರನ್ ಅವರದು. 1942ರಲ್ಲಿ ಅದೇ ಸಂಸ್ಥೆಗೆ ವಿದ್ಯುತ್ ಇಂಜಿನಿಯರಿಂಗ್ ಕಲಿಯಲು ಬಂದ ಈ ತರುಣನನ್ನು ಭೌತಶಾಸ್ತ್ರಕ್ಕೆ ಸೆಳೆದುಕೊಂಡವರು ಅದೇ ರಾಮನ್! ಒಬ್ಬ ಗುರುವಿನ ದೃಷ್ಟಿ ಎಷ್ಟು ವಿಶಾಲವೂ ಎಷ್ಟು ಸಂಕುಚಿತವೂ ಆಗಿರಬಲ್ಲದೆಂಬುದು ವಿಚಾರಾರ್ಹ. 1952ರಲ್ಲಿ, ಮೂವತ್ತರ ವಯಸ್ಸಿಗೆ, ಅವರು ಮದ್ರಾಸ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಬೆಂಬಲ ಅವರಿಗಿತ್ತು. ಸಮೀಪದ ಕೇಂದ್ರ ಚರ್ಮ ಸಂಶೋಧನಾಲಯದ ನೆರವಿನಿಂದ ಕಾಂಗರೂ ಬಾಲದ ಸ್ನಾಯುರಜ್ಜು ದೊರೆಯಿತು. ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಅವರು ಕೊಲಾಜೆನ್ನಿನ ಮೂರೆಳೆಯ ರಚನೆಯನ್ನು ಮುಂದಿಟ್ಟರು. ಪ್ರೋಟೀನಿನ ಸರಪಣಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಪರಮಾಣುಗಳು ಒಂದಕ್ಕೊಂದು ತಾಗುವುದರಿಂದ ಯಾವುವು ಅಸಾಧ್ಯ ಎಂಬುದನ್ನು ತೋರಿಸುವ ನಕ್ಷೆಯನ್ನು 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡಗೂಡಿ ಪ್ರಕಟಿಸಿದರು. ಹೊಸ ಪ್ರೋಟೀನೊಂದರ ರಚನೆಯನ್ನು ನಿರ್ಧರಿಸಿದವರು ಇಂದಿಗೂ ಅದನ್ನು ಈ ನಕ್ಷೆಗೆ ಒಡ್ಡಿ ನೋಡುತ್ತಾರೆ.

1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಲೈಸೊಜೈಮಿನ ರಚನೆಯನ್ನು ಬಿಡಿಸಿದರು. ಕಿಣ್ವವೊಂದರ ರಚನೆ ಪೂರ್ಣವಾಗಿ ಕಂಡದ್ದು ಅದೇ ಮೊದಲು. ಅಂದಿನಿಂದ ಕಿಣ್ವದ ಕ್ರಿಯೆಯನ್ನು ಅಳೆಯುವವರೂ ಅದರ ಆಕಾರವನ್ನು ಅರಸುವವರೂ ಪರಸ್ಪರ ಅವಲಂಬಿಗಳಾದರು. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. 1933ರಲ್ಲಿ ಕಮಲಾ ಭಾಗವತ್ ಅವರಿಗೆ ಪ್ರವೇಶ ನಿರಾಕರಿಸಿದ ಸಂಸ್ಥೆಯ ಆವರಣದಲ್ಲಿಯೇ ಆ ವಿಭಾಗವಿದೆ.