ದಫ್ತರದ ನೆಲೆ: ಸುಗಟೂರು ಸೀಮೆಯ ಕಡತದಿಂದ ದತ್ತಾಂಶ ಕೇಂದ್ರದವರೆಗೆ

ಕೋಲಾರ ತಾಲ್ಲೂಕಿನ ಸುಗಟೂರು ಇಂದು ಒಂದು ಹೋಬಳಿಗೆ ಹೆಸರು ಕೊಟ್ಟಿರುವ ಸಾಧಾರಣ ಗ್ರಾಮ. ಆದರೆ ವಿಜಯನಗರ ಸಾಮ್ರಾಜ್ಯದ ಇಳಿಗಾಲದಲ್ಲಿ ಈ ಹೆಸರನ್ನೇ ತಮ್ಮ ಮನೆತನದ ಗುರುತಾಗಿ ಧರಿಸಿದ ನಾಡಪ್ರಭುಗಳು ಕೋಲಾರದ ಕೋಟೆಯನ್ನು ಬಲಪಡಿಸಿದರು, ಸುಮಾರು 1595ರ ವೇಳೆಗೆ ಹೊಸಕೋಟೆಯನ್ನು ಕಟ್ಟಿಸಿದರು. ಅವರಲ್ಲಿ ತಮ್ಮೇಗೌಡನೆಂಬುವನು ರಾಯರಿಂದ ಚಿಕ್ಕರಾಯನೆಂಬ ಬಿರುದನ್ನೂ ಸಂಪಾದಿಸಿದನು. ಅವರ ಕದನಗಳಿಗೂ ಕೋಟೆಗಳಿಗೂ ಗ್ಯಾಸೆಟಿಯರುಗಳಲ್ಲಿ ಸ್ಥಾನ ದೊರೆತಿದೆ. ಅವರ ನಾಡಿನ ಲೆಕ್ಕಪತ್ರಗಳ ಗತಿ ಏನಾಯಿತೆಂದು ವಿಚಾರಿಸುವವರು ಮಾತ್ರ ವಿರಳ. ಯಾವ ಹೊಲ ಯಾರದು, ಯಾವ ಕೆರೆಯ ನೀರಿಗೆ ಯಾರು ಹಕ್ಕುದಾರರು, ಯಾರು ಎಷ್ಟು ಕಂದಾಯ ತೆರಬೇಕು ಎಂಬ ಬರಹ ಕಾಲಕಾಲಕ್ಕೆ ಎಲ್ಲಿ ವಾಸಮಾಡಿತು, ಅದರ ಬೀಗದಕೈ ಯಾರ ವಶದಲ್ಲಿತ್ತು, ಈಗ ಅಂತಹ ಬರಹವೆಲ್ಲ ಹೈಪರ್‌ಕನ್ವರ್ಜ್ಡ್ ಎಂಬ ಗಡುಸಾದ ಹೆಸರಿನ ಗಣಕಯಂತ್ರಗಳೊಳಗೆ ಹೋಗಿ ಕೂರುತ್ತಿರುವಾಗ ಆ ಬೀಗದಕೈ ಯಾರಿಗೆ ಸೇರುತ್ತದೆ ಎಂಬುದು ಈ ಲೇಖನದ ವಿಷಯ.

ಆದಿಯಲ್ಲಿ ಬರಹದ ನೆಲೆ ಕಲ್ಲು. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು ಸಂಪೂರ್ಣವಾಗಿ ಕೋಲಾರ ಜಿಲ್ಲೆಗೇ ಮೀಸಲಿಡಬೇಕಾಯಿತೆಂದರೆ ಈ ಸೀಮೆಯಲ್ಲಿ ಶಾಸನಗಳು ಎಷ್ಟು ದಟ್ಟವಾಗಿವೆಯೆಂಬುದನ್ನು ಊಹಿಸಬಹುದು. ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಎಲ್ಲರೂ ಇಲ್ಲಿ ಕಲ್ಲಿನ ಮೇಲೆ ಬರೆಸಿದ್ದಾರೆ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಬರಹವೂ ಉಂಟು. ಕಲ್ಲಿನ ದಾಖಲೆಗೆ ಒಂದು ದೊಡ್ಡ ಗುಣವಿತ್ತು: ಅದನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂತಿರಲಿಲ್ಲ, ಓದಬಲ್ಲವನು ಗುಡಿಯ ಮುಂದೆ ನಿಂತು ಓದಬಹುದಾಗಿತ್ತು. ಅಷ್ಟೇ ದೊಡ್ಡ ದೋಷವೂ ಇತ್ತು: ಹೊಲ ಕೈಬದಲಾದಾಗ ಕಲ್ಲು ಬದಲಾಗುತ್ತಿರಲಿಲ್ಲ. ಅದರ ರಕ್ಷಣೆಗೆ ಕಾವಲುಗಾರನೂ ಇರಲಿಲ್ಲ. ದತ್ತಿಯನ್ನು ಅಪಹರಿಸಿದವನಿಗೆ ಒದಗುವ ನರಕವನ್ನು ವರ್ಣಿಸುವ ಶಾಪಾಶಯವೊಂದೇ ಆ ಕೆಲಸವನ್ನು ಮಾಡುತ್ತಿತ್ತು.

ದಿನನಿತ್ಯದ ಲೆಕ್ಕಕ್ಕೆ ಕಲ್ಲು ಒಗ್ಗದು. ಅದಕ್ಕಾಗಿ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಈ ಕಪ್ಪು ಪುಸ್ತಕವನ್ನು ತಿದ್ದಬಹುದಾಗಿತ್ತು, ಅಳಿಸಬಹುದಾಗಿತ್ತು, ಮತ್ತೆ ಕಪ್ಪು ಬಳಿದು ಹೊಸದಾಗಿ ಬರೆಯಬಹುದಾಗಿತ್ತು. ಅದು ಇರುತ್ತಿದ್ದುದು ಹಳ್ಳಿಯ ಲೆಕ್ಕ ಬರೆಯುವ ಶಾನುಭೋಗರ ಮನೆಯಲ್ಲಿ. ಸುಗಟೂರಿನ ಪ್ರಭುಗಳ ಆಳ್ವಿಕೆ ಮುಗಿದು ಹದಿನೇಳನೆಯ ಶತಮಾನದ ನಡುವಿನಲ್ಲಿ ಕೋಲಾರ ಹೊಸಕೋಟೆಗಳು ಬಿಜಾಪುರದ ಕೈಸೇರಿ ಷಹಾಜಿಯ ಜಹಗೀರಿಗೆ ಒಳಪಟ್ಟವು. ಆಮೇಲೆ ಮೊಗಲರ ಶಿರಾ ಸುಬೆ ಬಂದಿತು. ಆ ಸುಬೆಯ ಕೆಳಗೆ ಕೋಲಾರದ ಫೌಜುದಾರನಾಗಿದ್ದ ಫತೇಮಹಮ್ಮದನ ಮಗ ಹೈದರನು ಬೂದಿಕೋಟೆಯಲ್ಲಿ ಹುಟ್ಟಿ ಮೈಸೂರನ್ನೇ ಆಳಿದನು. ಕೊನೆಗೆ ಇಂಗ್ಲಿಷರ ಕಮಿಷನ್ ಆಡಳಿತ ಬಂದಿತು. ಮೇಲಿನ ಅರಸರು ಇಷ್ಟು ಬಾರಿ ಬದಲಾದರೂ ಕೆಳಗಿನ ಶಾನುಭೋಗರು ಬದಲಾಗಲಿಲ್ಲ, ಏಕೆಂದರೆ ಬಂದ ಪ್ರತಿಯೊಬ್ಬ ಅರಸನಿಗೂ ಕಂದಾಯ ಬೇಕಾಗಿತ್ತು, ಕಂದಾಯದ ಲೆಕ್ಕ ಶಾನುಭೋಗರ ಅಟ್ಟದ ಮೇಲಿತ್ತು, ಆ ಲೆಕ್ಕವನ್ನು ಓದಿ ಅರ್ಥ ಹೇಳುವ ವಿದ್ಯೆ ಅವರ ವಂಶದಲ್ಲಿ ಮಾತ್ರ ಇತ್ತು.

ಶಾನುಭೋಗರನ್ನು ದೂಷಿಸುವುದು ಸುಲಭ; ನಮ್ಮ ಕಥೆಗಾರರೂ ನಾಟಕಕಾರರೂ ಅದನ್ನು ಸಾಕಷ್ಟು ಮಾಡಿದ್ದಾರೆ. ಆದರೆ ಅವರು ಹಳ್ಳಿಯ ಸ್ಮೃತಿಯೂ ಆಗಿದ್ದರೆಂಬುದನ್ನು ಮರೆಯಬಾರದು. ಬರದ ವರ್ಷದಲ್ಲಿ ಯಾರ ಹೊಲ ಬೀಳು ಬಿದ್ದಿತು, ಅಣ್ಣತಮ್ಮಂದಿರ ಪಾಲಿನಲ್ಲಿ ಬದು ಎಲ್ಲಿ ಹಾಯಿತು ಎಂಬುದನ್ನು ಪೋಟಗಿಯ ಅಲ್ಪ ಸಂಭಾವನೆಗೆ ಅವರು ತಲೆಯಲ್ಲಿಯೂ ಕಡತದಲ್ಲಿಯೂ ಹೊತ್ತಿದ್ದರು. ದೋಷವಿದ್ದುದು ವ್ಯಕ್ತಿಗಳಲ್ಲಿ ಅಷ್ಟಾಗಿ ಅಲ್ಲ, ವ್ಯವಸ್ಥೆಯಲ್ಲಿ: ದಾಖಲೆ, ಅದನ್ನು ಓದುವ ವಿದ್ಯೆ, ಅದನ್ನಿರಿಸುವ ಸ್ಥಳ ಮೂರೂ ಒಂದೇ ಮನೆಗೆ ಸೇರಿದ್ದವು, ಅದರಿಂದಾಗಿ ರೈತನು ಆ ಮನೆಯ ಜಗುಲಿಯನ್ನು ಬಿಟ್ಟು ಬೇರೆಡೆಗೆ ಹೋಗುವಂತಿರಲಿಲ್ಲ.

ಸರ್ಕಾರವು ಈ ಗಂಟನ್ನು ಬಿಡಿಸಲು ನೂರು ವರ್ಷ ತೆಗೆದುಕೊಂಡಿತು. 1863ರಲ್ಲಿ ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಆರಂಭವಾಯಿತು. ಎಕರೆ ಗುಂಟೆಗಳ ಅಳತೆಯೂ ಸರ್ವೆ ನಂಬರೂ ಬಂದವು. 1888ರ ಭೂಕಂದಾಯದ ಕೋಡು ಜಾರಿಗೆ ಬಂದಿತು. ಇವುಗಳಿಂದ ಶಾನುಭೋಗರ ಲೆಕ್ಕಕ್ಕೆ ತಾಲ್ಲೂಕು ಕಚೇರಿಯಲ್ಲಿ ಒಂದು ತಾಳೆ ದೊರಕಿತು. ವಂಶಪಾರಂಪರ್ಯ ಹಕ್ಕು ಪೂರ್ತಿಯಾಗಿ ಅಳಿದದ್ದು ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾನೂನು 1963ರ ಫೆಬ್ರವರಿ 1ರಂದು ಜಾರಿಯಾದಾಗ. ಶಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೂ ಪಹಣಿಯನ್ನು ಬರೆಯುವವರೂ ಇಟ್ಟುಕೊಳ್ಳುವವರೂ ನಕಲು ಕೊಡುವವರೂ ಅವರೇ ಆಗಿದ್ದುದರಿಂದ, ಬೀಗದಕೈ ಮನೆಯಿಂದ ಚೀಲಕ್ಕೆ ಬಂದಿತೆನ್ನಬೇಕೇ ಹೊರತು ರೈತನ ಕೈಗೆ ಬಂದಿತೆನ್ನಲಾಗದು.

ಅಲ್ಲಿಂದ ಮುಂದಿನ ಹೆಜ್ಜೆ ಸರ್ಕಾರದ ‘ಭೂಮಿ’ ಯೋಜನೆ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರವು ರಚಿಸಿದ ತಂತ್ರಾಂಶದೊಡನೆ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಲಾಯಿತು. ಅದುವರೆಗೆ ಈ ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಚದುರಿದ್ದವು. ಇನ್ನು ಮುಂದೆ ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿಯನ್ನು ಪಡೆಯಬಹುದಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗಬೇಕೆಂದಾಯಿತು. ದಾಖಲೆ ತಿದ್ದುವ ನೌಕರನು ಯಂತ್ರಕ್ಕೆ ಬೆರಳಗುರುತು ಒಪ್ಪಿಸಿಯೇ ತಿದ್ದಬೇಕಾಯಿತು. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳೂ ಗಣಕಕ್ಕೆ ಏರಿ ಅಚ್ಚಿನ ಗೌರವವನ್ನು ಪಡೆದವೆಂಬುದು ನಿಜ. ಆದರೂ ದಾಖಲೆಯ ನೆಲೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಈ ಸೀಮೆಯಲ್ಲಿ ಆಗಿಲ್ಲ.

ಗಮನಿಸಬೇಕಾದುದೆಂದರೆ, ‘ಭೂಮಿ’ಯ ಮೊದಲ ವರ್ಷಗಳಲ್ಲಿ ಪ್ರತಿ ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕಿನ ಸರ್ವರಿನಲ್ಲಿಯೇ ಇತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಬೇರೆ ಬೇರೆ ಯಂತ್ರ. ಅದರಲ್ಲಿಯೇ ಗಣನೆ, ಅದರಲ್ಲಿಯೇ ಡಿಸ್ಕು. ಸಂಪರ್ಕಜಾಲ ಬಲಗೊಂಡ ಮೇಲೆ ಇವುಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಸರ್ಕಾರದಲ್ಲಿ ನಡೆದ ಈ ಬದಲಾವಣೆ ಲೋಕದ ವ್ಯಾಪಾರ ಸಂಸ್ಥೆಗಳಲ್ಲಿ ಅದಕ್ಕೆ ಸ್ವಲ್ಪ ಮೊದಲೇ ನಡೆದಿತ್ತು. ಒಂದೊಂದು ಸರ್ವರಿಗೆ ಒಂದೊಂದು ಡಿಸ್ಕೆಂಬ ಪದ್ಧತಿಯನ್ನು ಬಿಟ್ಟು, ಗಣನೆ ಮಾಡುವ ಸರ್ವರುಗಳು ಒಂದು ಕಡೆ, ದತ್ತಾಂಶವನ್ನು ಹಿಡಿದಿಡುವ ದೊಡ್ಡ ಸಂಗ್ರಾಹಕ ಇನ್ನೊಂದು ಕಡೆ, ಇವೆರಡನ್ನು ಬೆಸೆಯುವ ಪ್ರತ್ಯೇಕ ಜಾಲ ನಡುವೆ, ಹೀಗೆ ಮೂರು ಅಂತಸ್ತಿನ ವ್ಯವಸ್ಥೆ ಎಲ್ಲೆಡೆ ಬೇರೂರಿತು. 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ಒಂದು ಸರ್ವರನ್ನು ಹಲವು ಕಲ್ಪಿತ ಸರ್ವರುಗಳಾಗಿ ಹಂಚುವ ತಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆ ಈ ವ್ಯವಸ್ಥೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಊರಿಗೆಲ್ಲ ಒಂದೇ ಕೆರೆಯಿದ್ದು ಅದಕ್ಕೆ ಒಂದೇ ತೂಬಿದ್ದರೆ ಗದ್ದೆ ಹೆಚ್ಚಿದಂತೆ ನೀರಿನ ಜಗಳ ಹೆಚ್ಚುವಂತೆ, ಕಲ್ಪಿತ ಸರ್ವರುಗಳು ಹೆಚ್ಚಿದಂತೆಲ್ಲ ಆ ಏಕಮಾತ್ರ ಸಂಗ್ರಾಹಕದ ಬಾಗಿಲಲ್ಲಿ ನೂಕುನುಗ್ಗಲಾಯಿತು. ಅದಕ್ಕೆ ಬೇರೆ ತಜ್ಞನು ಬೇಕು, ಬೇರೆ ಒಪ್ಪಂದ ಬೇಕು. ಕೆಟ್ಟಾಗ ಮೂವರು ಮಾರಾಟಗಾರರು ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಾರೆ.

ಪರಿಹಾರ ಬಂದುದು ಹುಡುಕುಯಂತ್ರದ ಲೋಕದಿಂದ. ಗೂಗಲ್ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ತನ್ನ ಕಡತವ್ಯವಸ್ಥೆಯ ಪ್ರಬಂಧದಲ್ಲಿ, ದುಬಾರಿ ಸಂಗ್ರಾಹಕವನ್ನು ಬಿಟ್ಟು ಅಗ್ಗದ ಸಾಮಾನ್ಯ ಯಂತ್ರಗಳ ಡಿಸ್ಕುಗಳಲ್ಲಿಯೇ ದತ್ತಾಂಶವನ್ನು ತುಂಡುಮಾಡಿ ಹರಡಿ, ಪ್ರತಿ ತುಂಡಿಗೂ ಮೂರು ಪ್ರತಿಗಳನ್ನಿರಿಸುವ ಕ್ರಮವನ್ನು ವಿವರಿಸಿತು. ಯಂತ್ರ ಕೆಡುವುದು ಅಪಘಾತವಲ್ಲ, ನಿತ್ಯದ ಸಂಗತಿ ಎಂದೇ ಭಾವಿಸಿ ಕಟ್ಟಿದ ವ್ಯವಸ್ಥೆ ಅದು. 2009ರಲ್ಲಿ ಧೀರಜ್ ಪಾಂಡೆ, ಮೋಹಿತ್ ಏರನ್, ಅಜೀತ್ ಸಿಂಗ್ ಎಂಬ ಮೂವರು ಸ್ಥಾಪಿಸಿದ ನ್ಯೂಟನಿಕ್ಸ್ ಸಂಸ್ಥೆಯು ಇದೇ ತತ್ತ್ವವನ್ನು ಸಾಮಾನ್ಯ ಕಚೇರಿಯ ಗಣಕಕೋಣೆಗೆ ತಂದಿತು. ಏರನ್ ಅವರು ಅದಕ್ಕೆ ಮೊದಲು ಗೂಗಲ್‌ನ ಆ ಕಡತವ್ಯವಸ್ಥೆಯ ಮೇಲೆಯೇ ಕೆಲಸಮಾಡಿದ್ದವರು. ಹೈಪರ್‌ಕನ್ವರ್ಜ್ಡ್ ಎಂದರೆ ಇದೇ: ಒಂದೊಂದು ಪೆಟ್ಟಿಗೆಯಲ್ಲಿಯೂ ಗಣನೆಯೂ ಡಿಸ್ಕೂ ಕೂಡಿಯೇ ಇರುತ್ತವೆ. ಆದರೆ ಎಲ್ಲ ಪೆಟ್ಟಿಗೆಗಳ ಡಿಸ್ಕುಗಳೂ ತಂತ್ರಾಂಶದ ಮೂಲಕ ಒಂದೇ ಭಂಡಾರವಾಗಿ ತೋರುತ್ತವೆ, ಮತ್ತು ಪ್ರತಿಯೊಂದು ಬರಹಕ್ಕೂ ಬೇರೆ ಪೆಟ್ಟಿಗೆಯಲ್ಲಿ ಒಂದಾದರೂ ಜೋಡಿಪ್ರತಿ ಇರುತ್ತದೆ. ಸಾಮಾನ್ಯವಾಗಿ ಮೂರು ಪೆಟ್ಟಿಗೆಗಳಿಂದ ಇದರ ಸಂಸಾರ ಆರಂಭ.

ಈ ಜೋಡಿಪ್ರತಿಗೆ ಬೆಲೆಯುಂಟೆಂಬುದನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ. ತಲಾ 10 ಟೆರಾಬೈಟಿನ ನಾಲ್ಕು ಪೆಟ್ಟಿಗೆಗಳನ್ನು ಕೊಂಡವನು ತನಗೆ 40 ಬಂದಿತೆಂದು ಭಾವಿಸಬಾರದು. ಒಂದು ಪೆಟ್ಟಿಗೆ ಕೆಟ್ಟರೆ ಅದರ ಪ್ರತಿಗಳನ್ನು ಉಳಿದವುಗಳಲ್ಲಿ ಮತ್ತೆ ಕಟ್ಟಲು 10ನ್ನು ಖಾಲಿ ಬಿಡಬೇಕು, ಉಳಿದ 30ರಲ್ಲಿ ಎರಡೆರಡು ಪ್ರತಿ ಇರುವುದರಿಂದ ನಿಜವಾಗಿ ಕೈಗೆ ಸಿಕ್ಕುವುದು 15. ಮತ್ತೊಂದು ತೊಡಕು: ದತ್ತಾಂಶ ಬೆಳೆದು ಗಣನೆ ಬೆಳೆಯದ ಕಡೆಯಲ್ಲಿಯೂ ಎರಡನ್ನೂ ಒಟ್ಟಿಗೆ ಹೊತ್ತ ಪೆಟ್ಟಿಗೆಯನ್ನೇ ಬಹುಮಟ್ಟಿಗೆ ಕೊಳ್ಳಬೇಕಾಗುತ್ತದೆ.

ಈ ಬಗೆಯ ವೇದಿಕೆಗಳನ್ನು ಹೋಲಿಸುವಾಗ ವೇಗದ ಅಂಕಿಗಳನ್ನು ಮುಂದಿಡುವುದು ರೂಢಿ. ನನಗೆ ಮುಖ್ಯವೆನಿಸುವುದು ಬೇರೆ. ನ್ಯೂಟನಿಕ್ಸ್‌ನಲ್ಲಿ ಪ್ರತಿ ಪೆಟ್ಟಿಗೆಯೊಳಗೂ ಭಂಡಾರವನ್ನು ನೋಡಿಕೊಳ್ಳುವ ಒಂದು ಕಲ್ಪಿತ ಯಂತ್ರ ಓಡುತ್ತಿರುತ್ತದೆ. ಅದು ಸ್ಮೃತಿಯ ಗಣನೀಯ ಭಾಗವನ್ನು ಉಣ್ಣುತ್ತದೆ, ಆದರೆ ಆಡಳಿತವನ್ನು ಬಹಳ ಸರಳಗೊಳಿಸುತ್ತದೆ. ವಿಎಂವೇರ್ 2014ರಲ್ಲಿ ಹೊರತಂದ ವಿಸ್ಯಾನ್ ಅದೇ ಕೆಲಸವನ್ನು ತನ್ನ ಮೂಲ ತಂತ್ರಾಂಶದ ಗರ್ಭದಲ್ಲಿಯೇ ಮಾಡುವುದರಿಂದ, ಆ ಸಂಸ್ಥೆಯ ಸಾಧನಗಳಲ್ಲಿ ಪಳಗಿದವರಿಗೆ ಸಹಜವಾಗಿ ಒಗ್ಗಿತು. ಡೆಲ್‌ನ ವಿಎಕ್ಸ್‌ರೈಲ್ ಅದನ್ನೇ ಸಿದ್ಧಪೆಟ್ಟಿಗೆಯಾಗಿ ಮಾರಿತು. ಸಿಂಪ್ಲಿವಿಟಿಯೆಂಬ ಇನ್ನೊಂದು ಸಂಸ್ಥೆಯನ್ನು 2017ರಲ್ಲಿ ಎಚ್‌ಪಿ ಎಂಟರ್‌ಪ್ರೈಸ್ 65 ಕೋಟಿ ಡಾಲರಿಗೆ ಕೊಂಡುಕೊಂಡಿತು. ಪುನರುಕ್ತ ದತ್ತಾಂಶವನ್ನು ಬರೆಯುವಾಗಲೇ ಕಳೆಯುವುದು ಅದರ ವೈಶಿಷ್ಟ್ಯ. ಮೈಕ್ರೋಸಾಫ್ಟ್ 2016ರ ವಿಂಡೋಸ್ ಸರ್ವರಿನಲ್ಲಿ ಈ ಶಕ್ತಿಯನ್ನು ಸೇರಿಸಿ, ಆಮೇಲೆ ಅಜೂರ್ ಎಂಬ ತನ್ನ ಮೋಡಸೇವೆಗೆ ಕಟ್ಟಿಹಾಕಿದ ಇನ್ನೊಂದು ರೂಪವನ್ನು ತಂದಿತು. ಸಿಸ್ಕೋ ಸಂಸ್ಥೆ 2023ರಲ್ಲಿ ನ್ಯೂಟನಿಕ್ಸ್‌ನೊಡನೆ ಕೈಜೋಡಿಸಿ, ಇದೇ ಬಗೆಯ ತನ್ನ ಹೈಪರ್‌ಫ್ಲೆಕ್ಸನ್ನು ಮುಗಿಸುವುದಾಗಿ ಸಾರಿತು. ಇವೆಲ್ಲದರ ಹೊರಗೆ, ಪ್ರಾಕ್ಸ್‌ಮಾಕ್ಸ್ ಮತ್ತು ಸೇಜ್ ವೈಲ್ ಅವರ ಸಂಶೋಧನಾ ಪ್ರಬಂಧದಿಂದ ಹುಟ್ಟಿದ ಸೆಫ್ ಎಂಬ ಮುಕ್ತತಂತ್ರಾಂಶಗಳ ಜೋಡಿಯಿದೆ. ಅದಕ್ಕೆ ಲೈಸೆನ್ಸಿನ ಹಣ ಬೇಡ, ಬಲ್ಲ ಮನುಷ್ಯ ಬೇಕು.

2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡುಕೊಂಡಿತು. ಮುಂದಿನ ತಿಂಗಳೇ ಶಾಶ್ವತ ಲೈಸೆನ್ಸಿನ ಮಾರಾಟವನ್ನು ನಿಲ್ಲಿಸಿ, ಕಾಲಾವಧಿಯ ಚಂದಾ ಮಾತ್ರವೆಂದು ಘೋಷಿಸಿತು. ಒಮ್ಮೆ ಕೊಂಡರೆ ನಮ್ಮದೇ ಎಂದು ನಂಬಿ ಹತ್ತಾರು ವರ್ಷ ಅದರ ಮೇಲೆಯೇ ಮನೆ ಕಟ್ಟಿದ್ದ ಸಂಸ್ಥೆಗಳು ದಿಗ್ಭ್ರಾಂತವಾದವು. ಶಾನುಭೋಗರ ಕಾಲವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ವ್ಯತ್ಯಾಸವಿಷ್ಟೇ: ಅಂದು ಅರಸು ಬದಲಾದರೂ ಲೆಕ್ಕದ ಮನೆ ಬದಲಾಗುತ್ತಿರಲಿಲ್ಲ. ಇಂದು ಲೆಕ್ಕದ ಮನೆಗೇ ಒಡೆಯರು ಬದಲಾದರು. ದಾಖಲೆ, ಓದುವ ವಿದ್ಯೆ, ಇರಿಸುವ ಸ್ಥಳ ಮೂರೂ ಒಬ್ಬರ ವಶಕ್ಕೆ ಸೇರಿದಾಗ ಆಗುವ ಪರಿಣಾಮ ಕಪ್ಪು ಬಟ್ಟೆಗೂ ಗಣಕದ ಡಿಸ್ಕಿಗೂ ಒಂದೇ. ಹೈಪರ್‌ಕನ್ವರ್ಜ್ಡ್ ಪದ್ಧತಿಯು ಪ್ರತಿಗಳನ್ನು ಹಲವು ಪೆಟ್ಟಿಗೆಗಳಿಗೆ ಹಂಚಿ ಯಂತ್ರನಾಶದ ಭಯವನ್ನು ನಿವಾರಿಸಿತು, ಒಡೆತನದ ಭಯವನ್ನು ನಿವಾರಿಸಲಿಲ್ಲ.

ಸುಗಟೂರಿಗೆ ಬಹುದೂರವಲ್ಲದ ನರಸಾಪುರ ವೇಮಗಲ್ಲುಗಳ ಕೈಗಾರಿಕಾ ಪ್ರದೇಶಗಳಲ್ಲಿ ಈಗ ವಾಹನಗಳೂ ಫೋನುಗಳೂ ತಯಾರಾಗುತ್ತವೆ. 2024ರಿಂದ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನೂ ‘ಭೂ ಸುರಕ್ಷಾ’ ಯೋಜನೆಯಲ್ಲಿ ಗಣಕಕ್ಕೆ ಏರಿಸಲಾಗುತ್ತಿದೆ. ಕಾರ್ಖಾನೆಯ ಗಣಕಕೋಣೆಗೆ, ಸಹಕಾರಿ ಬ್ಯಾಂಕಿನ ಲೆಕ್ಕಕ್ಕೆ, ಆಸ್ಪತ್ರೆಯ ದಾಖಲೆಗೆ ಇಂತಹ ಪೆಟ್ಟಿಗೆಗಳನ್ನು ಕೊಳ್ಳುವವರು ಈ ಜಿಲ್ಲೆಯಲ್ಲಿ ಇನ್ನು ಮುಂದೆ ಹೆಚ್ಚುತ್ತಾರೆ. ಅವರಲ್ಲಿ ನನ್ನದೊಂದು ಬಿನ್ನಹ. ಸಣ್ಣ ಕಚೇರಿಗೆ, ಪ್ರತ್ಯೇಕ ತಜ್ಞರಿಲ್ಲದ ಕಡೆಗೆ, ಈ ಪದ್ಧತಿ ಮೂರು ಅಂತಸ್ತಿನದಕ್ಕಿಂತ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ, ಕೊಳ್ಳಿರಿ. ಆದರೆ ವೇಗದ ಮಾತಿಗೂ ಬೆಲೆಯ ಮಾತಿಗೂ ಮೊದಲು, ಒಪ್ಪಂದ ಮುಗಿದ ದಿನ ನಮ್ಮ ದತ್ತಾಂಶವನ್ನು ಇನ್ನೊಬ್ಬರ ಪೆಟ್ಟಿಗೆಗೆ ಹೇಗೆ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಸಾಗಿಸಿಕೊಡುವಿರೆಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ; ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿರಿ.