ಶ್ವಾಸಕೋಶದ ಎಪಿಥೀಲಿಯಾಯ್ಡ್ ಹೀಮಾಂಜಿಯೋಎಂಡೋಥೀಲಿಯೋಮಾ: ರೋಗಪತ್ತೆಯ ಚರಿತ್ರೆ

ಎಪಿಥೀಲಿಯಾಯ್ಡ್ ಹೀಮಾಂಜಿಯೋಎಂಡೋಥೀಲಿಯೋಮಾ ಎಂಬುದು ರಕ್ತನಾಳಗಳ ಒಳಮೈಗೆ ಹಾಸಿಕೊಂಡಿರುವ ಎಂಡೋಥೀಲಿಯಲ್ ಜೀವಕೋಶಗಳಿಂದ ಹುಟ್ಟುವ ಅತಿ ವಿರಳವಾದ ಕ್ಯಾನ್ಸರ್. ಹತ್ತು ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ ಎನ್ನುವಷ್ಟು ಅಪರೂಪ. ಯಕೃತ್ತು, ಶ್ವಾಸಕೋಶ, ಮೂಳೆ ಇದರ ಮುಖ್ಯ ನೆಲೆಗಳು. ಶ್ವಾಸಕೋಶದಲ್ಲಿ ಕಾಣಿಸಿಕೊಂಡಾಗ ರೋಗಿಗಳಲ್ಲಿ ಮಹಿಳೆಯರೇ ಹೆಚ್ಚು. ಎಷ್ಟೋ ಜನರಿಗೆ ಕೆಮ್ಮು, ಉಬ್ಬಸ ಏನೂ ಇರುವುದಿಲ್ಲ. ಬೇರಾವುದೋ ಕಾರಣಕ್ಕೆ ತೆಗೆಸಿದ ಎದೆಯ ಎಕ್ಸ್-ರೇಯಲ್ಲಿ ಗಂಟುಗಳು ಕಣ್ಣಿಗೆ ಬೀಳುತ್ತವೆ. ಹೀಗೆ ಚಿತ್ರದಲ್ಲಿ ಮೊದಲು ಸಿಕ್ಕುವ ಈ ರೋಗವನ್ನು ಚಿತ್ರದಿಂದಲೇ ಗುರುತಿಸಲು ಇಂದಿಗೂ ಆಗದು. ಇದರ ಚರಿತ್ರೆಯನ್ನು ಬೆಳೆಸಿದ್ದು ಈ ಒಂದು ತೊಡಕೇ.

1975ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರಾದ ಡೇವಿಡ್ ಡೈಲ್ ಮತ್ತು ಏವೆರಿಲ್ ಲೀಬೋ ಇದನ್ನು ಮೊದಲು ವಿವರಿಸಿದರು. ಇದು ಗಾಳಿಗೂಡುಗಳ ಕ್ಯಾನ್ಸರಿನದೇ ಒಂದು ಬಗೆ, ಸುತ್ತಲಿನ ರಕ್ತನಾಳಗಳಿಗೆ ನುಗ್ಗುವ ಗುಣವುಳ್ಳದ್ದು ಎಂದು ಅವರು ಭಾವಿಸಿದ್ದರು. ಆದ್ದರಿಂದ ಇಟ್ಟ ಹೆಸರು ‘ಇಂಟ್ರಾವ್ಯಾಸ್ಕ್ಯುಲರ್ ಬ್ರಾಂಕಿಯೋಲೋಆಲ್ವಿಯೋಲಾರ್ ಟ್ಯೂಮರ್’, ಸಂಕ್ಷೇಪವಾಗಿ ‘ಐವಿಬ್ಯಾಟ್’. ಲೀಬೋ 1978ರಲ್ಲಿ ತೀರಿಕೊಂಡರು. 20 ರೋಗಿಗಳ ಪೂರ್ಣ ವರದಿ ಅಚ್ಚಾದದ್ದು 1983ರಲ್ಲಿ.

ಅವರ ಊಹೆ ತಪ್ಪಾಗಿದ್ದರೂ ನಿರಾಧಾರವಾಗಿರಲಿಲ್ಲ. ಸೂಕ್ಷ್ಮದರ್ಶಕದಡಿ ಈ ಗಂಟಿನ ಅಂಚು ಮತ್ತು ನಡು ಬೇರೆಬೇರೆಯಾಗಿ ಕಾಣುತ್ತವೆ. ನಡುಭಾಗ ಬಹುಪಾಲು ಸತ್ತು ಗಟ್ಟಿಯಾಗಿರುತ್ತದೆ, ಕೆಲವೊಮ್ಮೆ ಸುಣ್ಣ ಕಟ್ಟಿರುತ್ತದೆ. ಜೀವಂತ ಕೋಶಗಳಿರುವುದು ಅಂಚಿನಲ್ಲಿ. ಅಲ್ಲಿಂದ ಗಡ್ಡೆಯ ತಿಳಿಗುಲಾಬಿ ಪದಾರ್ಥ ಒಂದು ಗಾಳಿಗೂಡಿನಿಂದ ಪಕ್ಕದ ಗೂಡಿಗೆ ಸಣ್ಣ ಮೊಗ್ಗುಗಳಂತೆ ಚಾಚಿ ತುಂಬಿಕೊಳ್ಳುತ್ತದೆ. ದುಂಡಗಿನ ಆ ಕೋಶಗಳನ್ನು ನೋಡಿದವರಿಗೆ ರಕ್ತನಾಳದ ನೆನಪಾಗುವುದಿಲ್ಲ. ಆದರೆ ತಾಳ್ಮೆಯಿಂದ ಹುಡುಕಿದರೆ ಕೆಲವು ಕೋಶಗಳ ಒಡಲಲ್ಲಿ ಪುಟ್ಟ ಪೊಳ್ಳು, ಎಲ್ಲೋ ಒಂದರಲ್ಲಿ ಆ ಪೊಳ್ಳಿನೊಳಗೆ ಒಂದು ಕೆಂಪು ರಕ್ತಕಣ ಸಿಗುತ್ತದೆ. ಒಂದೊಂದು ಕೋಶವೂ ತನ್ನಷ್ಟಕ್ಕೆ ರಕ್ತನಾಳ ಕಟ್ಟಲು ಹೊರಟ ಗುರುತು ಅದು.

ಈ ಗುರುತನ್ನು ದೃಢಪಡಿಸಿದ್ದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ. ಎವಾಲ್ಡ್ ವೈಬೆಲ್ ಮತ್ತು ಜಾರ್ಜ್ ಪಲಾಡೆ 1964ರಲ್ಲಿ ರಕ್ತನಾಳದ ಒಳಪದರದ ಕೋಶಗಳಲ್ಲಿ ಕಡ್ಡಿಯಾಕಾರದ ಸೂಕ್ಷ್ಮ ಕಣಗಳನ್ನು ಕಂಡಿದ್ದರು; ಕೋಶವೊಂದು ರಕ್ತನಾಳದ ಮೂಲದ್ದೇ ಎಂದು ಗುರುತಿಸಲು ಇವು ನೆರವಾಗುತ್ತವೆ. 1979ರಲ್ಲಿ ಬ್ರಯಾನ್ ಕಾರಿನ್ ಮತ್ತು ಸಂಗಡಿಗರು ‘ಐವಿಬ್ಯಾಟ್’ ಕೋಶಗಳ ಸೂಕ್ಷ್ಮರಚನೆಯನ್ನು ಪರಿಶೀಲಿಸಿ, ಇವು ರಕ್ತನಾಳದ ಮೂಲದವು ಎಂಬ ವಾದ ಮುಂದಿಟ್ಟರು. ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶಕ್ಕೆ ಸಂಬಂಧಿಸಿದ ಪ್ರೋಟೀನನ್ನು ಬಣ್ಣದಿಂದ ತೋರಿಸುವ ಪರೀಕ್ಷೆಯೂ ಅದನ್ನೇ ಹೇಳಿತು. 1982ರಲ್ಲಿ ಶರಾನ್ ವೈಸ್ ಮತ್ತು ಫ್ರಾಂಜ್ ಎಂಜಿಂಗರ್ ದೇಹದ ಮೃದು ಅಂಗಾಂಶಗಳಲ್ಲಿ ಕಂಡ 41 ಇಂಥ ಗಡ್ಡೆಗಳನ್ನು ವರದಿ ಮಾಡಿ ಇಂದಿನ ಹೆಸರನ್ನು ಕೊಟ್ಟರು. ಶ್ವಾಸಕೋಶದ ಗಂಟುಗಳೂ ಅದೇ ಕುಲದವೆಂದು ತಿಳಿದಾಗ ಹಳೆಯ ಹೆಸರು ಮೂಲೆಗೆ ಸರಿಯಿತು.

ಅಷ್ಟರಲ್ಲಿ ಸಿಟಿ ಸ್ಕ್ಯಾನ್ ಬಂದಿತ್ತು. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿದ ಈ ಯಂತ್ರ ಕೆಲವೇ ವರ್ಷಗಳಲ್ಲಿ ಎದೆಯನ್ನೂ ತೋರಿಸತೊಡಗಿತು. ಈ ರೋಗದಲ್ಲಿ ಸಾಮಾನ್ಯವಾಗಿ ಕಾಣುವುದು ಎರಡೂ ಶ್ವಾಸಕೋಶಗಳಲ್ಲಿ ಚೆದುರಿದ ಹಲವಾರು ಗಂಟುಗಳು. ಹೆಚ್ಚಿನವು ಒಂದೆರಡು ಸೆಂಟಿಮೀಟರಿನೊಳಗಿನವು, ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡವು. ವರ್ಷಗಟ್ಟಲೆ ಬೆಳೆಯದೆ ಇರುವುದೂ ಉಂಟು. ಕೆಲವರಲ್ಲಿ ಒಂಟಿ ಗಂಟು, ಇನ್ನು ಕೆಲವರಲ್ಲಿ ಶ್ವಾಸಕೋಶದ ಹೊರಪೊರೆ ದಪ್ಪಗಾಗಿ ನೀರು ತುಂಬಿರುತ್ತದೆ. ಈ ಕೊನೆಯ ಬಗೆ ಕೆಟ್ಟ ಸೂಚನೆ. ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್, ಸಾರ್ಕಾಯ್ಡೋಸಿಸ್, ಶಿಲೀಂಧ್ರದ ಸೋಂಕು, ಮಾಗಿದ ಕ್ಷಯದ ಕಲೆ, ಎಲ್ಲವೂ ಹೀಗೇ ಕಾಣಬಲ್ಲವು. ಕ್ಷಯ ಮನೆಮಾತಾಗಿರುವ ನಮ್ಮಂಥ ದೇಶದಲ್ಲಿ ಸುಣ್ಣ ಕಟ್ಟಿದ ಗಂಟು ಕಂಡರೆ ವೈದ್ಯರ ಮನಸ್ಸು ಮೊದಲು ಅತ್ತ ಹೋಗುವುದು ಸಹಜವೇ. ಪೆಟ್ ಸ್ಕ್ಯಾನ್ ಕೂಡ ಇಲ್ಲಿ ಪೂರ್ತಿ ನೆರವಾಗದು: ಸಣ್ಣ ಗಂಟುಗಳು ಅದರಲ್ಲಿ ಬೆಳಗದೆಯೂ ಇರಬಹುದು. ಯಕೃತ್ತಿನಲ್ಲೋ ಮೂಳೆಯಲ್ಲೋ ರೋಗ ಇದೆಯೇ ಎಂದು ಅರಸಲು ಮಾತ್ರ ಅದು ಒಳ್ಳೆಯ ಸಾಧನ.

ಹಾಗಾಗಿ ಕೊನೆಗೆ ಬಯಾಪ್ಸಿಯೇ ಬೇಕು. ಬ್ರಾಂಕೋಸ್ಕೋಪಿನಲ್ಲಿ ಸಿಗುವ ಚೂರು ಅನೇಕ ಸಲ ಸಾಲದು. ಎದೆಗೂಡಿನೊಳಗೆ ಕ್ಯಾಮೆರಾ ಇಳಿಸಿ ಒಂದು ಗಂಟನ್ನೇ ತೆಗೆಯಬೇಕಾಗುತ್ತದೆ. ಹಾಗೆ ತೆಗೆದ ಗಂಟಿಗೆ ಸಿಡಿ31, ಸಿಡಿ34, ಇಆರ್‌ಜಿ ಎಂಬ ರಕ್ತನಾಳದ ಗುರುತುಗಳ ಪರೀಕ್ಷೆ ನಡೆಯುತ್ತದೆ. ಕೆಲವು ಗಡ್ಡೆಗಳು ಕೆರಾಟಿನ್ ಪರೀಕ್ಷೆಗೂ ಬಣ್ಣ ಹಿಡಿದು ಮಾಮೂಲಿ ಶ್ವಾಸಕೋಶದ ಕ್ಯಾನ್ಸರಿನಂತೆ ತೋರುವುದರಿಂದ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ. ತಪ್ಪಿನ ಬೆಲೆ ದೊಡ್ಡದು: ಮಂದಗತಿಯ ರೋಗಕ್ಕೆ ಉಗ್ರ ಕ್ಯಾನ್ಸರಿನ ಕಿಮೋಥೆರಪಿ ಸಿಗಬಹುದು. 1998ರಲ್ಲಿ ಕಿಟಾಯಿಚಿ ಮತ್ತು ಸಂಗಡಿಗರು ವರದಿ ಮಾಡಿದ 21 ರೋಗಿಗಳ ಪೈಕಿ ಮೂವರಲ್ಲಿ ಗಂಟುಗಳು ತಾವಾಗಿಯೇ ಭಾಗಶಃ ಕರಗಿದ್ದವು.

ಮುಂದಿನ ಹೆಜ್ಜೆ ವಂಶವಾಹಿಗಳದ್ದು. 1 ಮತ್ತು 3ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗುವುದು 2001ರಲ್ಲಿ ಕಂಡಿತ್ತು. ಆ ಬೆಸುಗೆಯಲ್ಲಿ ಡಬ್ಲ್ಯುಡಬ್ಲ್ಯುಟಿಆರ್1 ಮತ್ತು ಕಾಮ್‌ಟಾ1 ಎಂಬ ವಂಶವಾಹಿಗಳು ಕೂಡಿಕೊಳ್ಳುತ್ತವೆಂದು 2011ರಲ್ಲಿ ಎರಡು ತಂಡಗಳು ತೋರಿಸಿದವು. 2013ರಲ್ಲಿ ವೈಎಪಿ1–ಟಿಎಫ್ಇ3 ಎಂಬ ಇನ್ನೊಂದು, ಹೆಚ್ಚು ವಿರಳವಾದ ಬೆಸುಗೆ ಸಿಕ್ಕಿತು. ಈಗ ಕಾಮ್‌ಟಾ1 ಪ್ರೋಟೀನಿಗೆ ಪ್ರತಿಕಾಯ ಹಚ್ಚಿ ಕೋಶಕೇಂದ್ರ ಬಣ್ಣ ಹಿಡಿಯುವುದನ್ನು ನೋಡಿಯೇ ಮೊದಲ ಬಗೆಯ ಬೆಸುಗೆಯುಳ್ಳ ರೋಗವನ್ನು ಗುರುತಿಸಬಹುದು.

ಹತ್ತಾರು ಗಂಟುಗಳು ಪ್ರತ್ಯೇಕವಾಗಿ ಹುಟ್ಟಿದವೋ, ಒಂದೇ ಗಡ್ಡೆ ಹರಡಿದ್ದೋ ಎಂಬುದನ್ನು ಯಾವ ಸ್ಕ್ಯಾನೂ ಹೇಳಿರಲಿಲ್ಲ. ಯಕೃತ್ತಿನ ಗಂಟುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಒಬ್ಬನೇ ರೋಗಿಯ ಬೇರೆಬೇರೆ ಗಂಟುಗಳಲ್ಲಿ ವರ್ಣತಂತು ತುಂಡಾದ ಜಾಗ ಒಂದೇ ಆಗಿತ್ತು: ಅಂದರೆ ಅವು ಒಂದೇ ಗಡ್ಡೆ ಹರಡಿ ಆದವು.