ಹಳೆಯ ಪೇಟಿಯ ಗಾಂಧಾರ

ದಹಿಸರದ ನಮ್ಮ ಮನೆಯಲ್ಲಿ ಒಂದು ಹಳೆಯ ಪೇಟಿಯಿದೆ. ಉತ್ತರ ಕರ್ನಾಟಕದವರಿಗೆ ಹಾರ್ಮೋನಿಯಂ ಎಂದರೆ ಪೇಟಿಯೇ. ಬೆಳಗಾವಿ ಕಡೆಯ ಭಜನಾ ಮಂಡಳಿಯೊಂದು ಹೊಸದನ್ನು ತಂದಾಗ ಮೂಲೆ ಸೇರಿದ್ದ ಇದನ್ನು, ದನಿಗೆ ಮರುಳಾಗಿ ಕೊಂಡು ತಂದೆ. ತಿದಿಯ ಚರ್ಮ ಬಿರಿದಿತ್ತು. ಮೂರು ಮನೆಗಳು ಮೂಕವಾಗಿದ್ದವು. ರಿಪೇರಿ ಮಾಡುವ ಹಿರಿಯರು ನೋಡಿದೊಡನೆ, "ರೀಡು ಎಲ್ಲಾ ಬದಲಿಸಿಬಿಡೋಣ್ರಿ, ಹೊಸದರ ಹಾಂಗ ಆಗ್ತದ" ಎಂದರು. ನಾನು ಒಂದು ವಾರದ ಅವಕಾಶ ಕೇಳಿದೆ.

ಈ ವಾದ್ಯ ಹುಟ್ಟಿದ್ದು ಪರದೇಶದಲ್ಲಿ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೆನ್ 1840ರ ದಶಕದ ಆರಂಭದಲ್ಲಿ ಇದಕ್ಕೆ ಹಾರ್ಮೋನಿಯಂ ಎಂಬ ಹೆಸರಿಟ್ಟು ಹಕ್ಕುಪತ್ರ ಪಡೆದ. ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ಗಾಳಿ ತುಂಬಿ ನುಡಿಸುವಂಥದು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈತಿದಿಯ ಮಾದರಿಯನ್ನು ರೂಪಿಸಿ ಅದನ್ನು ನಮ್ಮ ಜಮಖಾನೆಯ ಮೇಲಿಳಿಸಿದರು. ರೀಡುಗಳು ಬಹುಕಾಲ ಫ್ರಾನ್ಸ್, ಜರ್ಮನಿಗಳಿಂದಲೇ ಬರುತ್ತಿದ್ದವು. ಸೌರಾಷ್ಟ್ರದ ಪಾಲಿತಾಣ ರೀಡುಗಳಿಗೆ ಹೆಸರಾದದ್ದು ಅನಂತರ. ಬಲ್ಲವರು ಇಂದಿಗೂ ಹಳೆಯ ಪ್ಯಾರಿಸ್ ರೀಡಿನ ಪೇಟಿಗಳನ್ನು ಹುಡುಕಿ ಕೊಳ್ಳುತ್ತಾರೆ.

ಧ್ವನಿವರ್ಧಕವಿಲ್ಲದ ಕಾಲದ ನಾಟಕ ಕಂಪನಿಗಳಿಗೆ ಪೇಟಿಯೇ ಆಧಾರ. ಮರಾಠಿ ಸಂಗೀತ ನಾಟಕದಲ್ಲಿಯೂ ಕನ್ನಡದ ಕಂಪನಿಗಳಲ್ಲಿಯೂ ಪೇಟಿ ಮಾಸ್ತರರ ಸ್ಥಾನ ದೊಡ್ಡದು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆಯವರು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರಿಗೆ ಸಾಥಿ ನೀಡಿ, ಆ ಬೆರಳುಗಳಿಗೊಂದು ಘನತೆ ತಂದರು.

ಆದರೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. ಮೀಂಡು ಸಾಧ್ಯವಿಲ್ಲ, ಸ್ವರಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರಿಗೂ ಈ ವಾದ್ಯ ಒಪ್ಪಿಗೆಯಾಗಿರಲಿಲ್ಲ. ನಿಷೇಧ ಸಡಿಲವಾದದ್ದು 1971ರಲ್ಲಿ, ಅದೂ ಭಾಗಶಃ. ಕೇಂದ್ರ ಸರ್ಕಾರದ ಕಡತಗಳ ನಡುವೆ ದಿನ ಕಳೆಯುವ ನನಗೆ ಒಂದು ಆದೇಶದ ಆಯುಷ್ಯ ಗೊತ್ತು. ಆದರೂ ಲೆಕ್ಕ ಹಾಕಿದಾಗ ದಿಗಿಲಾಯಿತು. ಆದೇಶ ಬಂದಾಗ ಬಿಜಾಪುರೆಯವರಿಗೆ ಇಪ್ಪತ್ತಮೂರು, ಸಡಿಲವಾದಾಗ ಐವತ್ತನಾಲ್ಕು. ಕಛೇರಿಯ ವೇದಿಕೆ ಇತ್ತು, ನಿಜ. ಆದರೆ ಒಂದು ಪೀಳಿಗೆಯ ಪೇಟಿ ಮಾಸ್ತರರ ಯೌವನವೆಲ್ಲ ರೇಡಿಯೋದ ಹೊರಗೇ ಕಳೆಯಿತು.

ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಷಡ್ಜದೊಡನೆ ಶುದ್ಧ ಗಾಂಧಾರದ ಸಹಜ ಸಂಬಂಧ 5:4. ಪಾಶ್ಚಾತ್ಯ ಸಮಪ್ರಮಾಣ ಶ್ರುತಿಯಲ್ಲಿ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಏರಿರುತ್ತದೆ. ಅರ್ಧಸ್ವರವೆಂದರೆ 100 ಸೆಂಟ್. ತಂಬೂರಿಯೊಡನೆ ನುಡಿಸಿದರೆ ಈ ಅಂತರ ಕಿವಿಗೆ ತಾಗುತ್ತದೆ. ರೀಡಿನ ಹಿತ್ತಾಳೆಯ ನಾಲಿಗೆಯನ್ನು ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ.

ವಾರದ ಬಳಿಕ ಹಿರಿಯರು ರೀಡುಗಳ ಹಲಗೆಯನ್ನು ಬಿಚ್ಚಿ, ಭೂತಗನ್ನಡಿ ನನ್ನ ಕೈಗಿತ್ತರು. ಕಪ್ಪು ಒಂದನ್ನು ಷಡ್ಜವಾಗಿ ಹಿಡಿದರೆ ಗಾಂಧಾರವಾಗುವ ರೀಡುಗಳ ಬುಡದಲ್ಲಿ, ಮೂರೂ ಸಪ್ತಕಗಳಲ್ಲಿ, ನವುರಾದ ಗೀರುಗಳಿದ್ದವು. "ಇದು ಸವೆದದ್ದಲ್ಲ, ಯಾರೋ ಬೇಕಂತಲೇ ಇಳಿಸ್ಯಾರ" ಎಂದರು. ಹೆಸರಿಲ್ಲದ ಯಾವನೋ ಮಾಸ್ತರ ಒಬ್ಬ ಗಾಯಕನ ಷಡ್ಜಕ್ಕಾಗಿ ತನ್ನ ಪೇಟಿಯನ್ನು ತಿದ್ದಿಕೊಂಡಿದ್ದ. ನಿಷೇಧದ ಮಂದಿ ಎತ್ತಿದ ದೋಷವನ್ನು ಅವನ ಕಿವಿಯೂ ಗುರುತಿಸಿತ್ತು. ಅವನು ಕೈಗೆತ್ತಿಕೊಂಡದ್ದು ಅರವನ್ನು.

ರೀಡುಗಳನ್ನು ಬದಲಿಸಲಿಲ್ಲ. ತಿದಿಗೆ ಹೊಸ ಚರ್ಮ ಹಾಕಿಸಿದೆವು. ಮೂಕವಾದ ಮೂರಕ್ಕೆ ಮಾತ್ರ ಇನ್ನೊಂದು ಮುರುಕು ಪೇಟಿಯ ರೀಡುಗಳು ಬಂದವು. ಬೇರೆ ಪಟ್ಟಿಯಲ್ಲಿ ನುಡಿಸಿದರೆ ಆ ಸ್ವರ ತುಸು ಇಳಿದಂತೆ ಕೇಳುತ್ತದೆ. ಮಗಳು ಅದನ್ನು ದೋಷವೆನ್ನುತ್ತಾಳೆ. ಕಪ್ಪು ಒಂದಕ್ಕೆ ತಂಬೂರಿ ಹಚ್ಚಿ, ಗಾಂಧಾರವನ್ನು ಒತ್ತಿ ತೋರಿಸುತ್ತೇನೆ. ಆಗ ಸುಮ್ಮನೆ ಕೇಳುತ್ತಾಳೆ.